ಗಂಟು ಬರುವ ಹೊತ್ತು

ಸರ್ವೆಯವರು ಬಂದಿದ್ದಾರೆ, ಡ್ರೋನು ಹಾರಿಸುತ್ತ.
ಗಾಜಿನ ಡಬ್ಬಿಯಂತೆ, ಎಂಟು ಜನ ಕೂರಬಹುದಂತೆ,
ಸಮುದ್ರ ನೋಡುತ್ತ ಗೊಡ್ಡಾಳಿ ಗುಡ್ಡ ಹತ್ತಬಹುದಂತೆ.
'ಅಜ್ಜೀ, ಹಿಂದೆ ಇಲ್ಲೊಂದು ರೋಪ್‌ವೇ ಇತ್ತಂತಲ್ಲ,
ಇಂಜಿನ್ನು ಎಷ್ಟು ಎಚ್‌ಪಿ?'

ಇಂಜಿನ್ನೇ ಇರಲಿಲ್ಲ ತಮ್ಮಾ.
ಮೇಲೆ ಗಣಿ, ಕೆಳಗೆ ಬೈತಖೋಲದ ಧಕ್ಕೆ,
ನಡುವೆ ಹನ್ನೊಂದು ಕಬ್ಬಿಣದ ಕಂಬ,
ಸುತ್ತಿ ಸುತ್ತಿ ಬರುವ ಒಂದೇ ಉಕ್ಕಿನ ಹಗ್ಗ.
ಮ್ಯಾಂಗನೀಸಿನ ಕರಿಮಣ್ಣು ತುಂಬಿದ ತೊಟ್ಟಿಗಳು
ತಮ್ಮ ಭಾರಕ್ಕೆ ತಾವೇ ಇಳಿಯುತ್ತಿದ್ದವು,
ಇಳಿಯುತ್ತ ಖಾಲಿ ತೊಟ್ಟಿಗಳನ್ನು ಮೇಲಕ್ಕೆಳೆಯುತ್ತಿದ್ದವು.
ಓಡಿಸುವವರು ಬೇಕಿರಲಿಲ್ಲ.
ತಡೆಯುವವನೊಬ್ಬ ಬೇಕಿತ್ತು.
ಅವನು ನನ್ನ ಅಪ್ಪ, ಬ್ರೇಕಿನ ಬೊಮ್ಮಯ್ಯ.

ಆಳೆತ್ತರದ ಸನ್ನೆ, ಮತ್ತಿಮರದ ಅಚ್ಚು,
ಚಕ್ರಕ್ಕೆ ಒತ್ತಿದರೆ ಸುಟ್ಟ ಕಟ್ಟಿಗೆಯ ವಾಸನೆ.
ಅಂಗಿಯಲ್ಲಿ ಅದು ಮನೆಗೂ ಬರುತ್ತಿತ್ತು.
ಕೆಳಗಿನಿಂದ ಗಂಟೆ ಒಂದು ಬಡಿದರೆ ನಿಲ್ಲಿಸು,
ಎರಡಕ್ಕೆ ಬಿಡು, ಮೂರಕ್ಕೆ ಮೆಲ್ಲಗೆ.
ನಾಲ್ಕು ಬಡಿದದ್ದು ಒಂದೇ ಸಲ,
ಏಳನೇ ಕಂಬದ ಮೇಲೆ ಎಣ್ಣೆ ಹಾಕುತ್ತಿದ್ದ ಸಣಕೂಸನ ದಿನ.
ಅದನ್ನು ಅಪ್ಪ ಹೇಳುತ್ತಿರಲಿಲ್ಲ.

ಹಗ್ಗ ಹಡಗಿನಲ್ಲಿ ಬಂದಿತ್ತಂತೆ, ಎರಡು ತುದಿ ಬೇರೆ ಬೇರೆ.
ಮುಂಬಯಿಯ ಫಿಟ್ಟರು ಜೋಡಿಸಿದ್ದು ಮೂರು ಸಲ ಬಿಚ್ಚಿಹೋಯಿತು.
ಕೊನೆಗೆ ದೋಣಿ ಕಟ್ಟಿಬಂದ ಮಂಕಾಳಿ ಹರಿಕಂತ್ರ
'ಬಲೆಗೂ ಇದಕ್ಕೂ ಎಂತ ವ್ಯತ್ಯಾಸ, ಇದು ಕಚ್ಚುತ್ತದೆ ಅಷ್ಟೆ' ಎಂದು
ಆರು ಎಳೆ ಬಿಚ್ಚಿ, ನಾರಿನ ತಿರುಳು ಕತ್ತರಿಸಿ,
ನಲವತ್ತಡಿ ಉದ್ದಕ್ಕೆ ಎಳೆಯೊಳಗೆ ಎಳೆ ಅಡಗಿಸಿದ.
ಬೆರಳಿಗೆ ಸಿಗದ ಗಂಟು.
ಚಕ್ರಕ್ಕೆ ಮಾತ್ರ ಸಿಗುತ್ತಿತ್ತು:
ನಲವತ್ತಮೂರು ನಿಮಿಷಕ್ಕೊಮ್ಮೆ, ಟಕ್.
ನಮಗೆ ಅದೇ ಗಡಿಯಾರ.
ಒಂದು ಗಂಟಿಗೆ ಗಂಜಿ ಬೇಯುತ್ತಿತ್ತು.
ಅಮ್ಮನ ಲೆಕ್ಕದಲ್ಲಿ ನಾನು ಹನ್ನೊಂದು ಗಂಟಿನ ನೋವು.

ಬುತ್ತಿ ಕಳಿಸುವುದು ನನ್ನ ಕೆಲಸ.
ಖಾಲಿ ತೊಟ್ಟಿ ತಿರುಗುವಾಗ ಡಬ್ಬಿ ಇಟ್ಟರೆ
ಬಂಗಡೆ ಸಾರು ಗುಡ್ಡ ಹತ್ತುತ್ತಿತ್ತು, ನಾನು ಕೆಳಗೆ.
ಹತ್ತು ವರ್ಷದವಳಿದ್ದಾಗ ಒಂದು ದಿನ
ಡಬ್ಬಿಯ ಜೊತೆ ನಾನೂ ಕೂತೆ.

ದೋಣಿಗಳು ಕವಡೆಯಾದವು.
ದೇವಗಡದ ದೀಪಸ್ತಂಭ ನನ್ನ ಕಿರುಬೆರಳ ಉಗುರು.
ಐದನೇ ಕಂಬದಾಚೆ ಕಣಿವೆಯ ಮೇಲೆ
ಹಾರುವ ಮಂಗಟ್ಟೆಯ ಬೆನ್ನು ಕಂಡೆ,
ಅದುವರೆಗೆ ಬರೀ ಹೊಟ್ಟೆ ಕಂಡಿದ್ದೆ.
ಆಮೇಲೆ ಇಡೀ ಸಾಲು ನಿಧಾನವಾಯಿತು.

ಅಲ್ಲಿ ಮೇಲೆ, ಗೋಡೆಯ ಹಿಂದೆ, ಏನೂ ಕಾಣದೆ
ಅಪ್ಪನ ಅಂಗೈಗೆ ಗೊತ್ತಾಗಿತ್ತು
ಖಾಲಿ ತೊಟ್ಟಿಯೊಂದು ಖಾಲಿಯಿಲ್ಲ ಎಂದು.
ಥಟ್ಟನೆ ನಿಲ್ಲಿಸಿದರೆ ತೂಗಿ ಬೀಳುತ್ತೇನೆ,
ಬಿಟ್ಟರೆ ಕಂಬಕ್ಕೆ ಬಡಿಯುತ್ತೇನೆ.
ನಿಲ್ಲಿಸದೆ, ಬಿಡದೆ, ಯಾರೂ ಮೂರು ಬಡಿಯದೆ
ನನ್ನನ್ನು ಮೆಲ್ಲಗೆ ಹತ್ತಿರ ಕರೆದುಕೊಂಡ.
ಆ ದಿನ ಗಂಟು ಕಾಲುತಾಸು ತಡ.
ಎಷ್ಟು ಮನೆಯ ಗಂಜಿ ತಳ ಹಿಡಿಯಿತೋ.

ಸನ್ನೆ ಬಿಡುವಂತಿರಲಿಲ್ಲ, ಯಾರೋ ನನ್ನನ್ನು ಎತ್ತಿ ಇಳಿಸಿದರು.
ಕತ್ತು ತಿರುಗಿಸದೆ ಅಪ್ಪ ಅಂದ:
'ಇಪ್ಪತ್ತೆರಡು ಕೇಜಿ.
ಸರಿಯಾಗಿ ಉಣ್ಣುವುದಿಲ್ಲ ನೀನು.'

ಅದಿರು ತೀರಿದ ವರ್ಷ ಹಗ್ಗ ಗುಜರಿಗೆ ಹೋಯಿತು, ತೂಕದ ಮೇಲೆ.
ಮಂಕಾಳಿ ನಲವತ್ತಡಿ ಮಾತ್ರ ಕೇಳಿ ಕಡಿಸಿಕೊಂಡ.
ಕಂಬಗಳಲ್ಲಿ ನಾಲ್ಕು ಈಗಲೂ ಇವೆ,
ಬಳ್ಳಿ ಹತ್ತಿ ಮರಗಳ ಲೆಕ್ಕಕ್ಕೆ ಸೇರಿವೆ.

'ನಿಮ್ಮದಕ್ಕೆ ಬ್ರೇಕು ಹಿಡಿಯುವವರು ಯಾರು?' ಕೇಳಿದೆ.
ಎಲ್ಲ ಸೆನ್ಸರ್ ಅಜ್ಜೀ, ಅಂದ ಹುಡುಗ,
ಒಂದು ಕೇಜಿ ಹೆಚ್ಚುಕಡಿಮೆಯಾದರೂ ಹೇಳುತ್ತದಂತೆ.
ಒಳ್ಳೆಯದೇ ಆಯಿತು, ಅಂದೆ.
ಚಾ ಕೊಟ್ಟೆ. ಲೋಟ ಹಿಡಿದ ಮಣಿಕಟ್ಟು ನೋಡಿದೆ.
ಐವತ್ತೆರಡು ಇರಬಹುದು, ಹೆಚ್ಚೆಂದರೆ.
ಅವಲಕ್ಕಿ ಕಲಸಲು ಎದ್ದೆ.